ರೈಲ್ವೆ ತುದಿಯ ಮರಳು

ರಷ್‌ಬೆಕ್, ಲ್ಯಾಂಕಶೈರ್
೧೬ ಅಕ್ಟೋಬರ್ ೨೦೨೩

ಪ್ರಿಯ ನೆವಿಲ್,

ಮೊದಲು ಒಂದು ತಿದ್ದುಪಡಿ. ಇದರೊಂದಿಗೆ ಕಳುಹಿಸಿರುವ ಪಂದ್ಯಪುಸ್ತಿಕೆಯ ಏಳನೆಯ ಪುಟದಲ್ಲಿ, ೧೯೭೧ರ ಏಪ್ರಿಲ್ ೨೪ರ ಗೋಲು ಎಪ್ಪತ್ತೊಂದನೆಯ ನಿಮಿಷದಲ್ಲಿ ಆಯಿತೆಂದು ಅಚ್ಚಾಗಿದೆ. ಅದು ಆದದ್ದು ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ. ಮೈದಾನದ ಪಕ್ಕದ ಗಿರಣಿಯ ಗಡಿಯಾರದಲ್ಲಿ ಆಗ ನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷ. ತಪ್ಪು ಮುದ್ರಕನದಲ್ಲ, ನನ್ನದು. ಟಿಪ್ಪಣಿ ಪುಸ್ತಕವನ್ನು ತೆರೆಯದೆ ನೆನಪಿನಿಂದ ಬರೆದೆ. ಮೂವತ್ತಾರು ವರ್ಷ ಮಕ್ಕಳಿಗೆ ಯಾವುದನ್ನು ಮಾಡಬಾರದೆಂದು ಹೇಳಿದೆನೋ ಅದನ್ನೇ ಮಾಡಿದ್ದೇನೆ.

ಪುಸ್ತಿಕೆ ಕಳುಹಿಸಲು ಕಾರಣವಿದೆ. ಬರುವ ವಸಂತಕ್ಕೆ ರಷ್‌ಬೆಕ್ ಟೌನ್ ಕ್ಲಬ್ಬಿಗೆ ನೂರಿಪ್ಪತ್ತೈದು ವರ್ಷ ತುಂಬುತ್ತದೆ. ಒಂದು ಸ್ಮರಣ ಸಂಪುಟ ಹೊರಬರಲಿದೆ. ಕೆಳದರ್ಜೆಯ ಫುಟ್‌ಬಾಲಿನ ಮಟ್ಟ ಏರುತ್ತಿದೆಯೆ, ಇಳಿಯುತ್ತಿದೆಯೆ ಎಂಬುದನ್ನು ಕುರಿತು ಬರೆಯಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಐವತ್ತೈದು ವರ್ಷ ಮೈದಾನದ ಅಂಚಿನ ಒಂದೇ ಕಂಬಿಗೆ ಒರಗಿ ನೋಡಿದವನು ನಾನೊಬ್ಬನೇ ಉಳಿದಿದ್ದೇನೆ ಎಂಬುದು ಅವರು ಕೊಟ್ಟ ಕಾರಣ. ಪುಸ್ತಿಕೆಯಲ್ಲಿರುವುದು ಆ ಲೇಖನದ ಮೊದಲ ರೂಪ.

ನನ್ನ ಉತ್ತರ: ಏರುತ್ತಿದೆ. ಇದು ಅಭಿಪ್ರಾಯವಲ್ಲ, ಎಣಿಕೆ. ನಮ್ಮವರು ಚೆಂಡು ಕಳೆದುಕೊಳ್ಳದೆ ಐದು ಪಾಸು ಮಾಡಿದಾಗಲೆಲ್ಲ ನಾನು ಕೋಟಿನ ಎಡಜೇಬಿನಿಂದ ಬಲಜೇಬಿಗೆ ಒಂದು ಒಣಬಟಾಣಿ ಸಾಗಿಸುವುದು ನಿನಗೆ ಗೊತ್ತು. ನೀವೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದಿರಿ. ನಿಮ್ಮ ಕಾಲದಲ್ಲಿ ಪಂದ್ಯಕ್ಕೆ ಸರಾಸರಿ ಆರು ಬಟಾಣಿ. ಕಳೆದ ವರ್ಷ ಮೂವತ್ತೆಂಟು. ಬಲಜೇಬು ಹರಿದುಹೋಗಿ ಹೊಲಿಸಿದ್ದೇನೆ.

ನಿನಗೆ ಸಂಬಂಧಿಸಿದ ಭಾಗವನ್ನು ಇಲ್ಲಿಯೇ ನಕಲು ಮಾಡುತ್ತೇನೆ. ಬೇರೆಯವರಿಂದ ತಿಳಿಯುವುದು ಬೇಡ.

'ಅಂದು ಸಮ ಮಾಡಿಕೊಂಡಿದ್ದರೂ ಸಾಕಿತ್ತು. ಮೈದಾನ ಆಟಕ್ಕೆ ಯೋಗ್ಯವಾಗಿತ್ತು. ಬಲರಕ್ಷಕ ನೆವಿಲ್ ಕರ್ಶಾ ಹದಿನೆಂಟು ಗಜದಿಂದ ನೋಡದೆ ಹಿಂದಕ್ಕೆ ತಳ್ಳಿದ ಚೆಂಡು ಗೋಲ್‌ಕೀಪರನನ್ನು ಮುಟ್ಟದೆ ನಡುವೆ ನಿಂತಿತು; ಹೋಮ್‌ಸ್ಟನ್ ತಂಡದ ಆಟಗಾರ ಅದನ್ನು ಗೋಲಿಗೆ ನೂಕಿದ. ನಾವು ಕೊನೆಯ ನಾಲ್ಕು ತಂಡಗಳೊಳಗೆ ಬಿದ್ದೆವು. ಅಂದಿನ ಕ್ರಮದಂತೆ ಲೀಗಿನಲ್ಲಿ ಉಳಿಯಲು ಉಳಿದ ಕ್ಲಬ್ಬುಗಳ ಮತ ಬೇಡಬೇಕಾಯಿತು, ಸಿಗಲಿಲ್ಲ. ಮರಳಿ ಬರಲು ಮೂವತ್ತಾರು ವರ್ಷ ಹಿಡಿಯಿತು. ಇಂದು ಈ ದರ್ಜೆಯ ಯಾವ ರಕ್ಷಕನೂ ಅಂಥ ತಪ್ಪು ಮಾಡುವುದಿಲ್ಲ.'

ಅಭಿಪ್ರಾಯ ತಿಳಿಸು. ಜನವರಿ ಮೂವತ್ತೊಂದರವರೆಗೆ ತಿದ್ದಲು ಅವಕಾಶವಿದೆ.

ನಿನ್ನ,
ಸಿರಿಲ್ ಗ್ರಿಮ್‌ಶಾ


ವೈಯಾಲಾ, ದಕ್ಷಿಣ ಆಸ್ಟ್ರೇಲಿಯಾ
೪ ನವೆಂಬರ್ ೨೦೨೩

ಸರ್,

ಪುಸ್ತಿಕೆ ಬಂತು. ನಾನು ಮಾತಾಡೋ ಹಾಗೇ ಬರೀತೀನಿ, ಕೆಂಪು ಇಂಕು ಹಾಕ್ಬೇಡಿ. ಎಪ್ಪತ್ನಾಕು ವಯಸ್ಸಾಯ್ತು ನಂಗೂ.

ಬಟಾಣಿ ಲೆಕ್ಕ ಸರಿ ಇರ್ಬೋದು. ಆದ್ರೆ ನಾವು ಶುಕ್ರವಾರ ಸಾಯಂಕಾಲ ಐದರವರೆಗೂ ಬಾಯ್ಲರ್ ಕಾರ್ಖಾನೇಲಿ ಬಡಿದು ಶನಿವಾರ ಆಡ್ತಿದ್ವಿ. ಈಗಿನೋರಿಗೆ ಅನ್ನ ಮಾಡಿ ಹಾಕೋಕೂ ಆಳಿದ್ದಾನಂತೆ. ನಮ್ ಬೂಟು ನೆಂದ್ರೆ ಒಂದೊಂದು ಇಟ್ಟಿಗೆ. ಮೈದಾನದ ಗಿರಣಿ ಕಡೆ ತುದೀಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೂ ಹುಲ್ಲು ಅನ್ನೋದನ್ನ ನಾನು ನೋಡಿದ್ದೇ ಇಲ್ಲ. ಈಗಿನ ಹುಡುಗರನ್ನ ಅಲ್ಲಿಗೆ ಇಳಿಸಿ, ಆಮೇಲೆ ಬಟಾಣಿ ಎಣಿಸಿ. ಅರ್ಧ ಬಟಾಣಿ ಸಿಕ್ರೆ ಹೇಳಿ.

ಇನ್ನೊಂದು. ಪುಸ್ತಕದಲ್ಲಿ ನನ್ ಹೆಸರು ಬಿಟ್ಬಿಡಿ. 'ಒಬ್ಬ ಆಟಗಾರ' ಅಂತ ಹಾಕಿ. ಪುಸ್ತಿಕೆ ಆದ್ರೆ ಮಾಂಸದ ಪೈ ಕಟ್ಟಿ ತಿಂದು ಬಿಸಾಕ್ತಾರೆ. ಪುಸ್ತಕ ಕಪಾಟಲ್ಲಿ ಕೂರತ್ತೆ.

ಇಲ್ಲಿ ಮೂವತ್ತೆಂಟು ಡಿಗ್ರಿ.

ನೆವಿಲ್


ರಷ್‌ಬೆಕ್
೨೦ ನವೆಂಬರ್ ೨೦೨೩

ಪ್ರಿಯ ನೆವಿಲ್,

ನಿನ್ನ ಕಾಲದವರನ್ನು ನಾನು ಕಡೆಗಣಿಸಿದೆನೆಂದು ನಿನಗೆ ಬೇಸರವಾಗಿರುವುದು ಪತ್ರದಿಂದ ತಿಳಿಯುತ್ತದೆ. ಬೂಟಿನ ಭಾರವನ್ನೂ ಕಾರ್ಖಾನೆಯ ದುಡಿಮೆಯನ್ನೂ ಲೇಖನದಲ್ಲಿ ಸೇರಿಸುತ್ತೇನೆ, ಅದು ನ್ಯಾಯ.

ಹೆಸರಿನ ವಿಷಯದಲ್ಲಿ ಮಾತ್ರ ನಿನ್ನ ಮಾತು ನಡೆಸಲಾರೆ. ಹೆಸರು ತೆಗೆದ ಸತ್ಯಕ್ಕೂ ವದಂತಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲದೆ ಮರೆಮಾಚಿ ಪ್ರಯೋಜನವೂ ಇಲ್ಲ. ನಿನಗೆ ಗೊತ್ತಿರಲಾರದು, ಆದರೆ ಗೊತ್ತಿರಬೇಕು: ಇಲ್ಲಿ ನಿನ್ನ ಹೆಸರು ಒಂದು ಗಾದೆಯಾಗಿದೆ. ಮೊನ್ನೆ ಶನಿವಾರವೂ ನಮ್ಮ ಈಗಿನ ಬಲರಕ್ಷಕ ಚೆಂಡನ್ನು ಗೋಲ್‌ಕೀಪರನಿಗೆ ಹಿಂದಕ್ಕೆ ಕೊಟ್ಟೊಡನೆ ನನ್ನ ಹಿಂದಿನ ಸಾಲಿನಿಂದ ಕೂಗು ಎದ್ದಿತು.

"ಲೋ, ಕರ್ಶಾ ಮಾಡ್ಬೇಡ್ವೋ! ಮುಂದಕ್ಕೆ ಒದಿಯೋ!"

ಕೂಗಿದವನಿಗೆ ಇಪ್ಪತ್ತೈದು ವರ್ಷವೂ ಇರಲಾರದು. ಕರ್ಶಾ ಎಂದರೆ ಯಾರೆಂದು ಕೇಳಿದೆ.

"ಯಾರಲ್ಲ ತಾತ, ಏನು ಅಂತ ಕೇಳಿ," ಎಂದ. "ಮಾಡಬಾರದ್ದನ್ನ ಮಾಡೋದು. ನಮ್ಮಪ್ಪ ಹಂಗೇ ಅಂತಿದ್ದ."

ಪೈ ಮಾರುವ ಮಾವಿಸ್ ಟಟರ್ಸಾಲ್, ಹಬೆಯಾಡುವ ಡಬ್ಬದ ಹಿಂದಿನಿಂದ, "ಹೋಗ್ಲಿ ಬಿಡಿ ಮೇಷ್ಟ್ರೇ, ನಾನೂ ಹಾಲು ಚೆಲ್ಲಿದ್ರೆ ಹಂಗೇ ಬೈಯೋದು," ಎಂದಳು.

ಗಮನಿಸು: ಆ ಬಲರಕ್ಷಕನ ಪಾಸು ಸರಿಯಾಗಿಯೇ ತಲುಪಿತು. ಗೋಲ್‌ಕೀಪರ್ ಕೈಯಿಂದ ಹಿಡಿಯುವಂತಿಲ್ಲ, ನಿಯಮ ಬದಲಾಗಿ ಮೂವತ್ತು ವರ್ಷವಾಯಿತು. ಅವನು ಕಾಲಿನಿಂದಲೇ ಆಚೆಬದಿಗೆ ದಾಟಿಸಿದ. ಅಲ್ಲಿಂದ ಏಳು ಪಾಸು. ಒಂದು ಬಟಾಣಿ. ಬೈಗುಳ ಹಳೆಯದಾಗಿ ಉಳಿದಿದೆ, ಆಟ ಮುಂದೆ ಹೋಗಿದೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಿನ್ನ,
ಸಿರಿಲ್ ಗ್ರಿಮ್‌ಶಾ


ವೈಯಾಲಾ
೯ ಡಿಸೆಂಬರ್ ೨೦೨೩

ಸರ್,

ಗಾದೆ ವಿಷಯ ಗೊತ್ತು. ನಾನು ಊರು ಬಿಡೋಕೆ ಮುಂಚೇನೇ ಶುರುವಾಗಿತ್ತು. ನಮ್ಮಪ್ಪ ಕ್ಲಬ್ಬಿನ ಬಾರಿಗೆ ಹೋದ್ರೆ ಅವನ ಲೋಟ ಹಿಂದಕ್ಕೆ ತಳ್ಳಿ, "ತಗೋ ಕರ್ಶಾ, ನಿನ್ನ ಮಗ ಕೊಟ್ಟಂಗೇ ಕೊಟ್ಟಿದ್ದೀನಿ," ಅಂತ ನಗೋರು. ಅವನು ಎರಡು ವಾರ ನಕ್ಕ. ಮೂರನೇ ವಾರದಿಂದ ಹೋಗ್ಲಿಲ್ಲ. ಸಾಯೋವರೆಗೂ ಮನೇಲೇ ಕುಡಿದ. ನಾನು ಎಪ್ಪತ್ಮೂರರಲ್ಲಿ ಇಲ್ಲಿಗೆ ಹಡಗು ಕಟ್ಟೋಕೆ ಬಂದೆ. ವೆಲ್ಡಿಂಗ್ ಮಾಡೋನಿಗೆ ಕೆಲಸ ಜಾಸ್ತಿ ಅಂತ ಎಲ್ಲರಿಗೂ ಹೇಳ್ದೆ.

ಹೆಸರು ಇರ್ಲಿ ಅಂತೀರಾ, ಇರ್ಲಿ. ಹೆಸರು ತೆಗೆದ ಸತ್ಯ ವದಂತಿ ಅಂದ್ರಲ್ಲ, ಒಪ್ತೀನಿ. ಹಂಗಾದ್ರೆ ಪೂರ್ತಿ ಬರೀರಿ. 'ಮೈದಾನ ಆಟಕ್ಕೆ ಯೋಗ್ಯವಾಗಿತ್ತು' ಅಂತ ಒಂದು ಸಾಲಿದೆ.

ಯಾವ ತುದಿ ಸರ್?

ನೆವಿಲ್


ರಷ್‌ಬೆಕ್
೨ ಜನವರಿ ೨೦೨೪

ಪ್ರಿಯ ನೆವಿಲ್,

ಹೊಸ ವರ್ಷದ ಶುಭಾಶಯ. ನಿನ್ನ ತಂದೆಯವರ ವಿಷಯ ನನಗೆ ತಿಳಿದಿರಲಿಲ್ಲ. ಅವರಿಗೆ ಕೆಮ್ಮಿತ್ತೆಂದು, ಅದಕ್ಕಾಗಿ ಹೊರಗೆ ಬರುತ್ತಿಲ್ಲವೆಂದು ತಿಳಿದಿದ್ದೆ.

ನಿನ್ನ ಪ್ರಶ್ನೆಗೆ: ರೆಫರಿ ಮಧ್ಯಾಹ್ನ ಒಂದೂವರೆಗೆ ಮೈದಾನವನ್ನು ಪರೀಕ್ಷಿಸಿ ಆಟಕ್ಕೆ ಯೋಗ್ಯವೆಂದು ತೀರ್ಮಾನಿಸಿದರು. ಅಧಿಕೃತ ದಾಖಲೆ ಅದು. ನಾನು ದಾಖಲೆಯನ್ನು ಅನುಸರಿಸಿದ್ದೇನೆ.

ಡಿಸೆಂಬರ್ ಕೊನೆಯ ವಾರದಲ್ಲಿ ಎರಡು ಇಂಚಿಗೂ ಮಿಕ್ಕಿ ಮಳೆ ಬಿತ್ತು. ಆದರೂ ಪಂದ್ಯ ನಡೆಯಿತು. ಮೈದಾನಕ್ಕೆ ಈಗ ನೆಲದಡಿಯ ಕಾಲುವೆಗಳಿವೆ. ಹುಲ್ಲಿನ ನಡುವೆ ಪ್ಲಾಸ್ಟಿಕ್ ಎಳೆಗಳನ್ನು ಹೊಲಿದಿದ್ದಾರೆ. ನಲವತ್ತೊಂದು ಬಟಾಣಿ, ಸೊನ್ನೆ-ಎರಡರಿಂದ ಸೋತೆವು.

ನಿನ್ನ,
ಸಿ. ಗ್ರಿಮ್‌ಶಾ


ರಷ್‌ಬೆಕ್
೨೬ ಫೆಬ್ರವರಿ ೨೦೨೪

ಪ್ರಿಯ ನೆವಿಲ್,

ಎಂಟು ವಾರಗಳಾದರೂ ನಿನ್ನಿಂದ ಉತ್ತರವಿಲ್ಲ. ನೀನು ಕೋಪಿಸಿಕೊಂಡು ಬರೆಯುವುದನ್ನೇ ಬಿಟ್ಟಿದ್ದರೆ, ಅದು ಅಕಾರಣವೆಂದು ಹೇಳಲಾರೆ.

ಸಂಪುಟ ಮುದ್ರಣಕ್ಕೆ ಹೋಯಿತು. ನಲವತ್ತೆಂಟನೆಯ ಪುಟದಲ್ಲಿ ನಿನ್ನ ಹೆಸರಿದೆ. ಬೂಟಿನ ಭಾರವೂ ಇದೆ. ಮೈದಾನದ ಸಾಲು ಇದ್ದಂತೆಯೇ ಇದೆ.

ಅದು ಹೋದ ಮೇಲೆ ೧೯೭೧ರ ಟಿಪ್ಪಣಿ ಪುಸ್ತಕವನ್ನು ಮತ್ತೆ ತೆರೆದೆ. ಹೋಗುವ ಮೊದಲು ತೆರೆಯಬೇಕಿತ್ತು. ಆ ವರ್ಷ ಆಟಗಾರರು ಹಿಂದಕ್ಕೆ ಕೊಟ್ಟ ಪಾಸುಗಳನ್ನು ನಾನು ಪ್ರತ್ಯೇಕವಾಗಿ ಗುರುತಿಸುತ್ತಿದ್ದೆ. ಏಪ್ರಿಲ್ ೨೪ರ ಪುಟದಲ್ಲಿ ಹೀಗಿದೆ: ಮೊದಲರ್ಧದಲ್ಲಿ, ನಾವು ರೈಲ್ವೆ ತುದಿಯ ಗೋಲನ್ನು ಕಾಯುತ್ತಿದ್ದಾಗ, ಕರ್ಶಾ ಗೋಲ್‌ಕೀಪರನಿಗೆ ಹಿಂದಕ್ಕೆ ಕೊಟ್ಟ ಪಾಸುಗಳು ಹನ್ನೊಂದು, ಮುಟ್ಟಿದವು ಹನ್ನೊಂದು. ಎರಡನೆಯ ಅರ್ಧದಲ್ಲಿ, ಗಿರಣಿ ತುದಿಯಲ್ಲಿ, ಒಂದು; ಮುಟ್ಟಲಿಲ್ಲ.

ವ್ಯತ್ಯಾಸದ ಕಾರಣವನ್ನು ನಾನು ಅಲ್ಲಿ ಬರೆದಿಲ್ಲ.

ನಿನ್ನ,
ಸಿರಿಲ್


ವೈಯಾಲಾ
೧೨ ಮಾರ್ಚ್ ೨೦೨೪

ಸರ್,

ಕೋಪ ಎಲ್ಲಿಂದ ಬಂತು? ಬಲ ಮಂಡಿ ಬದಲಾಯಿಸಿದ್ರು. ಏಳು ವಾರ ಆಸ್ಪತ್ರೆ, ಆಮೇಲೆ ಮಗಳ ಮನೆ. ನಿಮ್ ಪತ್ರ ಎರಡೂ ನನ್ ಮನೆ ಡಬ್ಬೀಲಿ ಬಿದ್ದಿದ್ವು. ಹೇಳಿದ್ರೆ ಕಾರ್ಡು ಕಳಿಸ್ತೀರಿ ಅಂತ ಹೇಳಿರ್ಲಿಲ್ಲ.

ಕಾರಣ ನಾನು ಬರೀತೀನಿ. ಅವತ್ತು ಬೆಳಿಗ್ಗೆ ಒಂಬತ್ತಕ್ಕೇ ಬಂದಿದ್ದೆ, ಬೂಟಿನ ಮೊಳೆ ಬದಲಾಯಿಸ್ಕೊಳ್ಳೋಕೆ. ಬಟ್ಟೆ ಬದಲಾಯಿಸೋ ಕೋಣೆ ಕಿಟಕಿಯಿಂದ ನೋಡ್ದೆ. ಶರಟಿನ ತೋಳು ಮಡಚಿ ಕೈಗಾಡಿ ತಳ್ತಿದ್ರಿ. ಮೈದಾನ ನೋಡ್ಕೊಳ್ಳೋ ಮುದುಕ ಸ್ಟಾಟ್ ಸಲಿಕೆ ಹಿಡಿದಿದ್ದ. ಆರು ಮೂಟೆ ಮರಳು. ಹೋಮ್‌ಸ್ಟನ್‌ನೋರಲ್ಲಿ ಐದು ಜನ ಜ್ವರ ಬಂದು ಮಲಗಿದ್ರು. ಪಂದ್ಯ ಮುಂದಕ್ಕೆ ಹೋದ್ರೆ ಅವರೆಲ್ಲ ಎದ್ದು ಬರ್ತಾರೆ ಅಂತ ಇಡೀ ಊರಿಗೇ ಹೆದರಿಕೆ. ರೆಫರಿ ಸ್ಟೇಷನ್‌ನಿಂದ ನಡ್ಕೊಂಡು ಬರೋನು, ರೈಲ್ವೆ ತುದಿ ಗೇಟಲ್ಲಿ ಒಳಗೆ ಬರೋನು, ಪಾಲಿಶ್ ಮಾಡಿದ ಶೂ. ಕೆಸರು ದಾಟಿ ಆಚೆ ತುದಿಗೆ ಹೋಗಲ್ಲ ಅಂತ ಎಲ್ಲರಿಗೂ ಗೊತ್ತು. ಸ್ಟಾಟ್ ಕೇಳಿದ್ದು ನನ್ ಕಿವೀಗೇ ಬಿತ್ತು.

"ಮೂರ್ಮೂರು ಮೂಟೆ ಹಂಚಣ್ವಾ ಮೇಷ್ಟ್ರೇ?"

"ಹಂಚಿದರೆ ಎರಡೂ ಕಡೆ ಸಾಲದು. ಆರನ್ನೂ ಇಲ್ಲೇ ಸುರಿ," ಅಂದ್ರಿ ನೀವು. ಕ್ಲಾಸಲ್ಲಿ ಭಾಗಾಕಾರ ಹೇಳ್ಕೊಟ್ಟ ಹಾಗೇ ಇತ್ತು.

ಯಾಕೆ ಯಾರಿಗೂ ಹೇಳ್ಲಿಲ್ಲ ಅಂತ ಕೇಳ್ತೀರಿ. ಪಕ್ಕದ ಮನೆ ಹುಡುಗನ ಸೈಕಲ್ ಬೆಲ್ ಕದ್ದಿದ್ದಕ್ಕೆ ನನ್ನ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ, ತಪ್ಪು ಒಪ್ಪಿಕೊಳ್ಳೋ ತನಕ ಕೂರಿಸದೇ ಇದ್ದೋರು ನೀವು. ನಿಮ್ಮ ಬಗ್ಗೆ ಹಾಗೆ ಹೇಳಿದ್ರೆ ನಂಬೋರ್ಯಾರು? ನಂಬಿದ್ರೆ ಇನ್ನೂ ಕಷ್ಟ. ನೀವು ಆ ಸ್ಕೂಲಲ್ಲೇ ಇರ್ಬೇಕಿತ್ತು. ನಂಗೆ ಕಾಲಿತ್ತು, ಎಲ್ಲಿಗಾದ್ರೂ ಹೋಗ್ಬೋದಿತ್ತು. ಹೋದೆ.

ಆದ್ರೆ ಇದನ್ನೂ ಬರ್ಕೊಳ್ಳಿ. ಮರಳು ಒಂದೇ ಕಡೆ ಇದೆ ಅಂತ ನಂಗೂ ಗೊತ್ತಿತ್ತು. ನಲವತ್ತೈದು ನಿಮಿಷ ಆ ಮರಳಿನ ಮೇಲೆ ಚೆಂಡು ಬಿಲಿಯರ್ಡ್ಸ್ ಮೇಜಿನ ಮೇಲೆ ಹೋದ ಹಾಗೆ ಹೋಯ್ತು. ತುದಿ ಬದಲಾದ ಮೇಲೆ ತಲೆಗೆ ಗೊತ್ತಿತ್ತು, ಕಾಲಿಗೆ ಮರೆತುಹೋಯ್ತು. ನೀರಲ್ಲಿ ಬಿದ್ದ ಚೆಂಡು ಅಲ್ಲೇ ಕೂತ್ಕೊಂಡ್ತು, ಬಾತುಕೋಳಿ ಹಾಗೆ. ಅದಕ್ಕೇ ಹೆಸರು ಬಿಟ್ಬಿಡಿ ಅಂದೆ, ಸುಳ್ಳು ಅನ್ಲಿಲ್ಲ.

ನಿಮ್ಮ ದೊಡ್ಡ ಪ್ರಶ್ನೆಗೆ ನನ್ನದೊಂದು ಸಣ್ಣದು. ಅದೇ ಕಾಲು, ಅದೇ ಬೂಟು, ಅದೇ ದಿನ. ರೈಲ್ವೆ ತುದೀಲಿ ಹನ್ನೊಂದಕ್ಕೆ ಹನ್ನೊಂದು, ಗಿರಣಿ ತುದೀಲಿ ಒಂದಕ್ಕೆ ಸೊನ್ನೆ. ನನ್ ಮಟ್ಟ ಯಾವ್ದು ಸರ್?

ನೆವಿಲ್


ರಷ್‌ಬೆಕ್

ಪ್ರಿಯ ನೆವಿಲ್,

ನಿನ್ನ ಪತ್ರ ಮಾರ್ಚ್ ಇಪ್ಪತ್ತೈದಕ್ಕೆ ತಲುಪಿತು. ಅದೇ ದಿನ ಮುದ್ರಣಾಲಯದಿಂದ ನಾನೂರು ಸಂಪುಟಗಳು ಕ್ಲಬ್ಬಿಗೆ ಬಂದಿಳಿದವು. ನಾನು ಕಾರ್ಯದರ್ಶಿಗಳ ಬಳಿ ಹೋಗಿ, ಒಂದನ್ನೂ ಹಂಚಬಾರದೆಂದು ಕೇಳಿಕೊಂಡು, ನಿನ್ನ ಪತ್ರವನ್ನು ಓದಿ ಹೇಳಿದೆ. ಅವರು, "ಅಷ್ಟೂ ಪುಸ್ತಕ ವಾಪಸ್ ಕಳಿಸೋಕಾಗಲ್ಲ ಮೇಷ್ಟ್ರೇ. ಒಂದು ಚೀಟಿ ಅಚ್ಚು ಮಾಡಿಸಿ ಕೊಡ್ತೀನಿ. ಅಂಟಿಸೋದು ನಿಮ್ ಕೆಲಸ," ಎಂದರು. ನ್ಯಾಯವಾದ ತೀರ್ಪು.

ಚೀಟಿಯ ಒಕ್ಕಣೆ ಇದು:

'ತಿದ್ದುಪಡಿ. ೪೮ನೆಯ ಪುಟದಲ್ಲಿ "ಮೈದಾನ ಆಟಕ್ಕೆ ಯೋಗ್ಯವಾಗಿತ್ತು" ಎಂದಿರುವುದು ಸುಳ್ಳು. ರೈಲ್ವೆ ತುದಿ ಮಾತ್ರ ಯೋಗ್ಯವಾಗಿತ್ತು. ಇದ್ದ ಆರು ಮೂಟೆ ಮರಳನ್ನೂ ರೆಫರಿಯ ಕಣ್ಣಿಗೆ ಬೀಳುವ ಆ ತುದಿಯಲ್ಲಿ ಸುರಿಸಿದವನು ಈ ಲೇಖಕ. ಗಿರಣಿ ತುದಿಯಲ್ಲಿ ನೀರು ನಿಂತಿರುವುದು ಅವನಿಗೆ ತಿಳಿದಿತ್ತು. ನೆವಿಲ್ ಕರ್ಶಾ ಅಂದು ಹಿಂದಕ್ಕೆ ಕೊಟ್ಟ ಹನ್ನೆರಡು ಪಾಸುಗಳಲ್ಲಿ ಹನ್ನೊಂದು ಮುಟ್ಟಿದವು. ಹನ್ನೆರಡನೆಯದನ್ನು ನಿಲ್ಲಿಸಿದ ನೀರಿಗೆ ಈ ಲೇಖಕ ಹೊಣೆ. ಐವತ್ತಮೂರು ವರ್ಷ ಇದನ್ನು ಬರೆಯದಿದ್ದುದಕ್ಕೂ ಅವನೇ ಹೊಣೆ. ಸಿರಿಲ್ ಗ್ರಿಮ್‌ಶಾ.'

ಮರಳು ಒಂದೇ ಕಡೆ ಇರುವುದು ನಿನಗೂ ಗೊತ್ತಿತ್ತೆಂದು ಬರೆದುಕೊಳ್ಳಲು ನೀನು ಹೇಳಿದ್ದೆ. ಬರೆದುಕೊಂಡಿದ್ದೇನೆ, ಟಿಪ್ಪಣಿ ಪುಸ್ತಕದಲ್ಲಿ. ಚೀಟಿಯಲ್ಲಿ ಅಷ್ಟಕ್ಕೇ ಜಾಗವಿತ್ತು.

ಅಂಟಿಸಲು ನಾಲ್ಕು ಮಧ್ಯಾಹ್ನ ಹಿಡಿಯಿತು. ಮಾವಿಸ್ ಬಂದು ಜೊತೆಗೆ ಕುಳಿತಳು. ಮೊದಲ ಚೀಟಿಯನ್ನು ಎರಡು ಸಲ ಓದಿದಳು.

"ಥೂ ನಿಮ್ಮ!" ಎಂದಳು. ಆಮೇಲೆ ಗೋಂದಿನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. "ಐವತ್ತು ವರ್ಷದಿಂದ ಆ ಮನುಷ್ಯನ ಹೆಸರಲ್ಲಿ ಬೈತಾ ಬಂದಿದ್ದೀನಲ್ರೀ. ಇನ್ಮೇಲೆ ಹಾಲು ಚೆಲ್ಲಿದ್ರೆ ಯಾರ ಹೆಸರು ಹೇಳ್ಲಿ?"

"ನನ್ನ ಹೆಸರು ಹೇಳಬಹುದು," ಎಂದೆ.

ಅವಳು ಒಂದೆರಡು ಸಲ ಹೇಳಿ ನೋಡಿದಳು. "ಬಾಯಿಗೆ ಕೂರಲ್ಲ. ಚೀಟಿ ಸೊಟ್ಟಗೆ ಅಂಟಿಸ್ತಿದ್ದೀರಿ, ಕೊಡಿ ಇಲ್ಲಿ."

ಕಳೆದ ಶನಿವಾರ, ಕೊನೆಯ ತವರು ಪಂದ್ಯದ ದಿನ, ಸಂಪುಟ ಹಂಚಿದರು. ಕೆಲವರು ನನ್ನೊಡನೆ ಮಾತಾಡಲಿಲ್ಲ. ಕಂಬಿಯ ಬಳಿ ನನ್ನ ಎರಡೂ ಪಕ್ಕ ಖಾಲಿ ಇತ್ತು. ಎರಡನೆಯ ಅರ್ಧದಲ್ಲಿ ನಮ್ಮ ಬಲರಕ್ಷಕ ಗಿರಣಿ ತುದಿಯಲ್ಲಿ ಚೆಂಡನ್ನು ಹಿಂದಕ್ಕೆ ಕೊಟ್ಟ. ಹಿಂದಿನ ಸಾಲಿನ ಆ ಯುವಕ ಬಾಯಿ ತೆರೆದ; ನಾನು ಕಾದೆ.

"ಮರಳು ಹಾಕ್ರೋ!" ಎಂದು ಕೂಗಿದ. ಸುತ್ತಲಿನವರು ನಕ್ಕರು. ಬಳಿಕ ಇನ್ನೂ ಎರಡು ಸಲ ಆ ಕೂಗು ಕೇಳಿತು, ಬೇರೆ ಬೇರೆ ಕಡೆಗಳಿಂದ. ನಿನ್ನ ಹೆಸರಿನ ಹಳೆಯ ಕೂಗು ಒಮ್ಮೆಯೂ ಕೇಳಲಿಲ್ಲ. ಎಣಿಸಿದ್ದೇನೆ. ಬಟಾಣಿಗಳನ್ನು ಅಂದು ಮನೆಯಲ್ಲಿಯೇ ಬಿಟ್ಟು ಹೋಗಿದ್ದೆ.

ಇನ್ನು ನಿನ್ನ ಸಣ್ಣ ಪ್ರಶ್ನೆ. ಇಂದು ಮೈದಾನಕ್ಕೆ ಹೋಗಿ ಅದಕ್ಕೆ ಉತ್ತರ ಹುಡುಕಿದೆ. ಮುದುಕ ಸ್ಟಾಟನ ಮೊಮ್ಮಗಳು, ಜೋಡಿ ಎಂದು ಅವಳ ಹೆಸರು, ಈಗ ಹುಲ್ಲನ್ನು ನೋಡಿಕೊಳ್ಳುತ್ತಾಳೆ; ಮೂವತ್ತು ದಾಟಿದ, ಯಾರ ಮುಲಾಜೂ ಇಲ್ಲದ ಹೆಂಗಸು.

"ಆ ಶೂ ಹಾಕ್ಕೊಂಡು ಒಳಗೆ ಕಾಲಿಟ್ರೆ ನೋಡಿ," ಎಂದಳು.

ಶೂ ಬಿಚ್ಚಿದೆ. ಕಾಲುಚೀಲದಲ್ಲಿಯೇ ಗಿರಣಿ ತುದಿಗೆ ನಡೆದೆ. ಆ ಜಾಗ ನನಗೆ ಗೊತ್ತು. ಹದಿನೆಂಟು ಗಜವನ್ನು ಹೆಜ್ಜೆಯಿಂದ ಅಳೆದು, ಕ್ಲಬ್ಬಿನಿಂದ ಕೇಳಿ ತಂದಿದ್ದ ಚೆಂಡನ್ನು ಇಟ್ಟೆ. ಎಂಬತ್ತಮೂರು ವರ್ಷ, ಸೊಂಟದಲ್ಲಿ ಒಂದು ಉಕ್ಕಿನ ತುಂಡು, ಜೀವಮಾನದಲ್ಲಿ ಒಂದು ಪಂದ್ಯವನ್ನೂ ಆಡಿದವನಲ್ಲ. ಗೋಲಿನ ಕಡೆ ನೋಡದೆ ಕಾಲಿನ ಹೆಬ್ಬೆರಳಿನಿಂದ ತಳ್ಳಿದೆ.

ಚೆಂಡು ಎಲ್ಲಿಯೂ ನಿಲ್ಲಲಿಲ್ಲ. ಗೆರೆ ದಾಟಿ ಬಲೆಗೆ ತಾಗಿತು.

"ಗೋಲು," ಎಂದಳು ಜೋಡಿ. "ಇನ್ನು ಹೊರಗೆ ನಡೀರಿ."

ಆದ್ದರಿಂದ ಮಟ್ಟ ಏರಿದೆ ಎಂಬ ನನ್ನ ಉತ್ತರವನ್ನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಮೂವತ್ತೆಂಟು ಬಟಾಣಿಗಳಲ್ಲಿ ಎಷ್ಟು ಆಟಗಾರರವು, ಎಷ್ಟು ಜೋಡಿ ಬೆಳೆಸಿದ ಹುಲ್ಲಿನವು ಎಂದು ನಾನು ಹೇಳಲಾರೆ. ಅದನ್ನು ಹೇಳಬಲ್ಲೆನೆಂದು ತಿಳಿದದ್ದು ನನ್ನ ಅವಿವೇಕ. ನಿನ್ನ ಮಟ್ಟ ಹನ್ನೊಂದಕ್ಕೆ ಹನ್ನೊಂದು. ಹಾಗೆಯೇ ದಾಖಲಿಸಿದ್ದೇನೆ.

ಸಂಪುಟದ ಒಂದು ಪ್ರತಿಯನ್ನು ಬೇರೆಯಾಗಿ ಕಳುಹಿಸಿದ್ದೇನೆ. ಅದರ ಚೀಟಿ ಸೊಟ್ಟಗಿದೆ. ಅದೊಂದನ್ನು ಮಾವಿಸ್ ಕೈಗೆ ಕೊಡದೆ ನಾನೇ ಅಂಟಿಸಿದೆ. ಮಂಡಿಯ ವಿಷಯ ತಿಳಿಸು. ಕಾರ್ಡನ್ನೂ ಕಳುಹಿಸುತ್ತಿದ್ದೇನೆ, ನೀನು ಬೇಡವೆಂದರೂ.

ಇದನ್ನು ಗಿರಣಿ ತುದಿಯ ಬೆಂಚಿನ ಮೇಲೆ ಕುಳಿತು ಮುಗಿಸುತ್ತಿದ್ದೇನೆ. ನೆಲ ಒಣಗಿದೆ.

ನಿನ್ನ,
ಸಿರಿಲ್ ಗ್ರಿಮ್‌ಶಾ

೨೪ ಏಪ್ರಿಲ್ ೨೦೨೪, ಬುಧವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷ